ಸಕ್ಕರೆ ಕಾಯಿಲೆ ಬಚ್ಚಿಡುವ ಮಾತಲ್ಲ

ಸಕ್ಕರೆಯ ನಾಡೆಂದು ಹೆಸರಾದ ನಮ್ಮ ಮಂಡ್ಯ ಜಿಲ್ಲೆಯಲ್ಲಿ ‘ಸಕ್ಕರೆ’ ಎಂಬ ಮಾತಿಗೆ ಈಗ ಎರಡು ಅರ್ಥಗಳಿವೆ. ಒಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ನಮ್ಮ ರೈತನ ಕೈಗೆ ಕಾಸು ತಂದ ಸಕ್ಕರೆ. ಇನ್ನೊಂದು, ಈಚಿನ ವರ್ಷಗಳಲ್ಲಿ ಮನೆಮನೆಯ ಜಗುಲಿಯ ಮೇಲೆ ದನಿ ತಗ್ಗಿಸಿ ಆಡುವ ಸಕ್ಕರೆ. ಮೊದಲನೆಯದರ ಬೆಲೆ, ತೂಕ, ಬಾಕಿ ಇವುಗಳ ಬಗ್ಗೆ ನಾವು ಸಂತೆಯಲ್ಲಿಯೂ ಸಂಘದ ಸಭೆಯಲ್ಲಿಯೂ ಗಟ್ಟಿಯಾಗಿಯೇ ಮಾತನಾಡುತ್ತೇವೆ. ಎರಡನೆಯದರ ಮಾತು ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ‘ಅವರಿಗೆ ಶುಗರ್ ಬಂದಿದೆಯಂತೆ’ ಎಂದು ಬೇರೆಯವರ ವಿಷಯ ಹೇಳುತ್ತೇವೆಯೇ ಹೊರತು ‘ನಮಗೆ ಬಂದಿದೆ’ ಎಂದು ಹೇಳುವವರು ವಿರಳ.

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಮಲೆನಾಡಿನ ಹಾಗೂ ಕೊಡಗಿನ ಕಡೆಯ ಸಣ್ಣ ಬೆಳೆಗಾರರು. ನಾವು ಬರೆಯುತ್ತಿರುವುದು ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಕಡೆಯಿಂದ. ನಮ್ಮಲ್ಲಿ ಕಾಫಿ ಗಿಡವಿಲ್ಲ. ರಾಗಿ, ಭತ್ತ, ಕಬ್ಬು, ತೆಂಗು, ಮತ್ತು ತೆಂಗಿನ ಸಾಲುಗಳ ನಡುವೆ ಅಡಿಕೆ ಇಟ್ಟುಕೊಂಡು ಬದುಕುವವರು ನಾವು. ಮಳೆ ಬೇರೆ, ಮಣ್ಣು ಬೇರೆ, ಊಟ ಬೇರೆಯಾದರೂ ಈ ಒಂದು ಕಾಯಿಲೆಯ ವಿಷಯದಲ್ಲಿ ನಮ್ಮೂರಿಗೂ ನಿಮ್ಮೂರಿಗೂ ಹೆಚ್ಚಿನ ಅಂತರವಿದ್ದಂತೆ ಕಾಣುವುದಿಲ್ಲ. ಆದ್ದರಿಂದ, ಹೊಸದಾಗಿ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಬೆಳೆಗಾರನೂ ಅವನ ಮನೆಯವರೂ ಅವನು ಸದಸ್ಯನಾಗಿರುವ ಸಂಘವೂ ಏನು ಮಾಡಬೇಕೆಂಬ ಬಗ್ಗೆ ನಮ್ಮ ಅಭಿಪ್ರಾಯವನ್ನು ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ. ಔಷಧ ಹೇಳುವ ಅಧಿಕಾರ ನಮಗಿಲ್ಲ. ಆದರೆ ಈ ಕಾಯಿಲೆಯನ್ನು ಬಚ್ಚಿಡುವ ನಮ್ಮ ಪದ್ಧತಿಯೇ ಕಾಯಿಲೆಗಿಂತ ಹೆಚ್ಚು ಕೇಡು ಮಾಡುತ್ತಿದೆಯೆಂದು ಹೇಳಲು ವೈದ್ಯರೇ ಆಗಿರಬೇಕಾಗಿಲ್ಲ.

ಹಳ್ಳಿಗೂ ಬಂದಿದೆ

‘ಬೆವರು ಸುರಿಸಿ ದುಡಿಯುವವನಿಗೆ ಇದು ಬಾರದು, ಇದು ಪೇಟೆಯವರ ಕಾಯಿಲೆ’ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಿಸಿದೆ. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 16 ಮಂದಿ, ಹಳ್ಳಿಗಳಲ್ಲಿ ಸುಮಾರು 9 ಮಂದಿ. ಇಲ್ಲಿಯವರೆಗೆ ಪಟ್ಟಣದವರೇ ಮುಂದು. ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು, ಎಂದರೆ ರಕ್ತದ ಸಕ್ಕರೆ ಇರಬೇಕಾದುದಕ್ಕಿಂತ ಮೇಲೇರಿದ್ದು ಇನ್ನೂ ಕಾಯಿಲೆಯ ಮಟ್ಟ ಮುಟ್ಟದವರು, ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹೆಚ್ಚುಕಡಿಮೆ ಸಮನಾಗಿಯೇ ಇದ್ದಾರೆ. ನೂರಕ್ಕೆ ಸುಮಾರು 15 ಮಂದಿ. ಇಂದು ಹೊಸ್ತಿಲಲ್ಲಿ ನಿಂತವರಲ್ಲಿ ಅನೇಕರು ನಾಳೆ ಒಳಗೆ ಬರುವವರೇ ಅಲ್ಲವೇ?

ಕಾರಣಗಳು ನಮ್ಮ ಕಣ್ಣ ಮುಂದೆಯೇ ಇವೆ. ತೋಟಕ್ಕೆ ನಡೆದು ಹೋಗುತ್ತಿದ್ದವರು ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತೇವೆ. ಗುದ್ದಲಿಯ ಕೆಲಸವನ್ನು ಕಳೆ ಕೊಚ್ಚುವ ಯಂತ್ರ ಮಾಡುತ್ತದೆ. ದುಡಿಮೆ ಅರ್ಧವಾಯಿತು, ಊಟ ಮಾತ್ರ ಅಜ್ಜನ ಕಾಲದ ಅಳತೆಯಲ್ಲೇ ಉಳಿಯಿತು. ಅದರ ಮೇಲೆ ಬೇಕರಿಯ ತಿಂಡಿ, ಬಾಟಲಿಯ ಪಾನೀಯ, ಸಂಜೆಯ ಬೋಂಡ ಸೇರಿಕೊಂಡವು. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಭಾರತೀಯರಿಗೆ ಮೈ ಹೆಚ್ಚು ದಪ್ಪವಾಗದಿದ್ದರೂ ಹೊಟ್ಟೆಯ ಸುತ್ತ ಬೊಜ್ಜು ಸೇರಿದರೆ ಸಾಕು, ಇದು ಬರುತ್ತದೆ. ‘ಸಣಕಲು ಮನುಷ್ಯ, ಇವನಿಗೆಲ್ಲಿ ಬಂತು’ ಎಂದು ಅಚ್ಚರಿಪಡುವ ಕಾಲ ಕಳೆಯಿತು.

ಕಾಯಿಲೆಯ ಸ್ವರೂಪವನ್ನು ನಾಲೆಯ ಬಯಲಿನವರಾದ ನಾವು ಹೀಗೆ ತಿಳಿದುಕೊಂಡಿದ್ದೇವೆ. ತಿಂದ ಅನ್ನ, ಮುದ್ದೆಯೆಲ್ಲ ಕರಗಿ ಸಕ್ಕರೆಯಾಗಿ ರಕ್ತವೆಂಬ ನಾಲೆಯಲ್ಲಿ ಹರಿಯುತ್ತದೆ. ಅದನ್ನು ಮೈಯ ಕಣಕಣಕ್ಕೂ ಬಿಡುವ ತೂಬು ಇನ್ಸುಲಿನ್. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ತೂಬು ಇದ್ದರೂ ಬಿಗಿಯಾಗಿ ಸರಿಯಾಗಿ ಏಳದು. ವರ್ಷ ಕಳೆದಂತೆ ಇನ್ಸುಲಿನ್ ಕೂಡ ಕಡಿಮೆಯಾಗುತ್ತದೆ. ನಾಲೆ ತುಂಬಿ ಹರಿಯುತ್ತಿರುತ್ತದೆ, ಗದ್ದೆ ಒಣಗುತ್ತಿರುತ್ತದೆ. ಹೀಗೆ ವರ್ಷಗಟ್ಟಲೆ ತುಂಬಿ ಹರಿದ ನಾಲೆಯ ಏರಿ ಸವೆಯುವಂತೆ ಕಣ್ಣಿನ, ಮೂತ್ರಪಿಂಡದ, ಹೃದಯದ, ಕಾಲಿನ ರಕ್ತನಾಳಗಳೂ ನರಗಳೂ ಸವೆಯುತ್ತವೆ. ಕೆಟ್ಟ ಸಂಗತಿಯೆಂದರೆ, ಈ ಸವೆತ ನೋಯುವುದಿಲ್ಲ. ಕಾಫಿ ಗಿಡದೊಳಗೆ ಕಾಂಡಕೊರಕ ಹುಳು ತಿನ್ನುತ್ತಿರುವಾಗ ಹೊರಗಿನ ಎಲೆ ಹಸಿರಾಗಿಯೇ ಇರುವಂತೆ, ಮನುಷ್ಯನೂ ಹೊರಗೆ ಗಟ್ಟಿಯಾಗಿಯೇ ಕಾಣುತ್ತಾನೆ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ತೂಕ ಇಳಿಯುವುದು, ಮಾಯದ ಗಾಯ ಇವು ಕಾಣುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿರಬಹುದು.

ಬಚ್ಚಿಟ್ಟವರ ಪಾಡು

ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದ ದಿನ ನಮ್ಮ ಜನ ನಡೆದುಕೊಳ್ಳುವ ರೀತಿಯನ್ನು ನಾವು ಗಮನಿಸುತ್ತ ಬಂದಿದ್ದೇವೆ. ಕೆಲವರು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟು ಹೆಂಡತಿಗೂ ಹೇಳುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರಂತೂ ಕೇಳುವುದೇ ಬೇಡ, ‘ವಂಶದಲ್ಲಿ ಶುಗರ್ ಇದೆ’ ಎಂದು ಗಂಡಿನ ಕಡೆಯವರು ಹಿಂದೆಗೆದಾರೆಂಬ ಅಂಜಿಕೆ. ಇನ್ನು ಕೆಲವರು ಜೀವವೇ ಮುಗಿಯಿತೆಂದು ಕೈಚೆಲ್ಲಿ ಅನ್ನ, ಮುದ್ದೆ, ಹಣ್ಣು ಎಲ್ಲ ಬಿಟ್ಟು ಹದಿನೈದು ದಿನ ಉಪವಾಸವಿದ್ದಂತೆ ಇರುತ್ತಾರೆ. ಹದಿನಾರನೆಯ ದಿನ ಬೇಸತ್ತು ಎಲ್ಲವನ್ನೂ ತಿನ್ನುತ್ತಾರೆ. ಮತ್ತೆ ಕೆಲವರಿಗೆ ಮಾತ್ರೆಯೆಂದರೆ ಭಯ. ‘ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವಂತಿಲ್ಲ’ ಎಂದು ಹಾಗಲಕಾಯಿ ರಸ, ಬೇವಿನ ಚಿಗುರು, ಹಿತ್ತಲಿನ ಇನ್ಸುಲಿನ್ ಗಿಡದ ಎಲೆ ಎಂದು ಕಾಲ ಕಳೆಯುತ್ತಾರೆ. ಮಾತ್ರೆ ನುಂಗಿ ಸಕ್ಕರೆ ಇಳಿದೊಡನೆ ‘ವಾಸಿಯಾಯಿತು’ ಎಂದು ಮಾತ್ರೆ ನಿಲ್ಲಿಸುವವರೂ ಉಂಟು. ಇಳಿದದ್ದು ಮಾತ್ರೆಯ ಬಲದಿಂದ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಇವರನ್ನು ನಾವು ಹಳಿಯುತ್ತಿಲ್ಲ. ಇವರೆಲ್ಲರೂ ಒಂಟಿಯಾಗಿದ್ದಾರೆ ಎಂಬುದಷ್ಟೇ ನಮ್ಮ ದೂರು. ಹೇಳಿಕೊಳ್ಳದವನು ಬೀಗರ ಮನೆಯಲ್ಲಿ ಎರಡನೆಯ ಹೋಳಿಗೆಯನ್ನು ಬೇಡವೆನ್ನಲಾರ. ಹೇಳಿಕೊಳ್ಳದವನು ಸುಲಿತದ ರಾತ್ರಿ ಊಟಕ್ಕೆ ಹೊತ್ತು ಮೀರಿದಾಗ ಎದ್ದು ಹೋಗಲಾರ. ಮಾತ್ರೆಯ ಪೊಟ್ಟಣವನ್ನು ಬೀರುವಿನ ಹಿಂದೆ ಇಟ್ಟವನು ಮೂರು ದಿನಕ್ಕೊಮ್ಮೆ ಮರೆಯುತ್ತಾನೆ. ಬಚ್ಚಿಡಲು ಇಷ್ಟು ಕಷ್ಟಪಡುವಾಗ ಕಾಯಿಲೆಯನ್ನು ನೋಡಿಕೊಳ್ಳಲು ಶಕ್ತಿ ಎಲ್ಲಿ ಉಳಿಯಬೇಕು? ಮನೆಯ ಹೆಂಗಸರ ಪಾಡು ಇನ್ನೂ ಕಷ್ಟ. ಗಂಡನಿಗೆ ಬಂದರೆ ಹೆಂಡತಿ ಪಥ್ಯದ ಅಡಿಗೆ ಮಾಡುತ್ತಾಳೆ. ಆಕೆಗೇ ಬಂದರೆ ಆಕೆಗೆ ಬೇರೆ ಅಡಿಗೆ ಮಾಡುವವರು ಯಾರು? ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದೇ ಆಕೆಯ ಪಥ್ಯವಾಗುತ್ತದೆ. ಬಸುರಿಯಲ್ಲಿ ಸಕ್ಕರೆ ಏರಿದ್ದ ಹೆಣ್ಣುಮಕ್ಕಳಿಗೆ ಮುಂದೆ ಈ ಕಾಯಿಲೆ ಬರುವ ಸಂಭವ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಹೆರಿಗೆಯಾದ ಮೇಲೆ ಅದನ್ನು ನೆನಪಿಟ್ಟು ಪರೀಕ್ಷೆ ಮಾಡಿಸುವ ಮನೆಗಳು ಎಷ್ಟಿವೆ?

ಮೊದಲ ವರ್ಷದ ಬೆಲೆ

ಹೊಸದಾಗಿ ತಿಳಿದವರಿಗೆ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಮೊದಲ ವರ್ಷಗಳಲ್ಲಿ ಮಾಡಿದ ಆರೈಕೆ ಕೊನೆಯವರೆಗೆ ಬರುತ್ತದೆ. ಇದು ಬರಿಯ ಸಮಾಧಾನದ ಮಾತಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದಲ್ಲಿ ಆಗತಾನೆ ಕಾಯಿಲೆ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ ಮೊದಲಾದವುಗಳ ಸಣ್ಣ ರಕ್ತನಾಳಗಳ ತೊಂದರೆ ಕಾಲುಭಾಗದಷ್ಟು ಕಡಿಮೆಯಾಗಿತ್ತೆಂದು 1998ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ನಂತರ, 2008ರಲ್ಲಿ, ಮತ್ತೊಂದು ಸಂಗತಿ ಹೊರಬಂತು. ಅಧ್ಯಯನ ಮುಗಿದ ಮೇಲೆ ಎರಡು ಗುಂಪಿನವರ ಸಕ್ಕರೆಯ ಮಟ್ಟ ಒಂದೇ ಆಗಿಹೋಗಿದ್ದರೂ, ಮೊದಲಿನ ವರ್ಷಗಳಲ್ಲಿ ಚೆನ್ನಾಗಿ ನೋಡಿಕೊಂಡವರಿಗೆ ಅದರ ಫಲ ಮುಂದುವರಿದಿತ್ತು. ಅಡಿಕೆ ಸಸಿಗೆ ಮೊದಲ ವರ್ಷಗಳಲ್ಲಿ ಕೊಟ್ಟ ನೆರಳು, ನೀರು, ಗೊಬ್ಬರ ಮರದ ಆಯಸ್ಸಿಗೆಲ್ಲ ಬರುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಬಾರದು.

ಕೊಳೆರೋಗದ ನೆನಪನ್ನೂ ಇಲ್ಲಿ ತಂದುಕೊಳ್ಳಬಹುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣದ ದಾರಿ ತೋರಿಸಿದರು. ಮಂಡ್ಯದಲ್ಲಿ ಕಬ್ಬು, ಸಕ್ಕರೆ ನೆಲೆಯೂರುವುದಕ್ಕೆ ದುಡಿದವರಲ್ಲಿಯೂ ಅವರು ಒಬ್ಬರು. ಮೈಲುತುತ್ತ, ಸುಣ್ಣಗಳನ್ನು ಬೆರೆಸಿ ನಾವು ಸಿಂಪಡಿಸುವುದು ಯಾವಾಗ? ಮುಂಗಾರು ಹಿಡಿಯುವ ಮೊದಲು. ಗೊನೆ ಹಸಿರಾಗಿ ಗಟ್ಟಿಯಾಗಿರುವಾಗಲೇ. ಮತ್ತೆ 40-45 ದಿನ ಬಿಟ್ಟು ಇನ್ನೊಮ್ಮೆ. ‘ರೋಗವೇ ಇಲ್ಲವಲ್ಲ, ಔಷಧ ಏಕೆ’ ಎಂದು ಯಾವ ಬೆಳೆಗಾರನೂ ಕೇಳುವುದಿಲ್ಲ. ಕಾಯಿ ಉದುರತೊಡಗಿದ ಮೇಲೆ ಸಿಂಪಡಿಸಿ ಫಲ ಅಲ್ಪವೆಂಬುದು ಅವನಿಗೆ ಗೊತ್ತು. ತೋಟದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ನಾವು ನಮ್ಮ ಮೈಯ ವಿಷಯದಲ್ಲಿ ಮಾತ್ರ ಕಾಯಿ ಉದುರುವ ತನಕ ಕಾಯುತ್ತೇವೆ.

ಹಾಗಾದರೆ ಚೀಟಿ ಕೈಗೆ ಬಂದವನು ಮಾಡಬೇಕಾದದ್ದೇನು? ಮೊದಲು ಲೆಕ್ಕ ತಿಳಿಯಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಅಥವಾ ಹೆಚ್ಚು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 200 ಅಥವಾ ಹೆಚ್ಚು, ಇಲ್ಲವೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯೆಂದು ಹೇಳುತ್ತಾರೆ. ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ಕ್ರಮ. ಬೆರಳು ಚುಚ್ಚಿ ನೋಡುವುದು ಆ ದಿನದ ಪೇಟೆ ಧಾರಣೆಯಿದ್ದಂತೆ. ಎಚ್‌ಬಿಎ1ಸಿ ಇಡೀ ಹಂಗಾಮಿನ ಲೆಕ್ಕದಂತೆ. ಎರಡೂ ಬೇಕು. ಕಾಯಿಲೆ ಪತ್ತೆಯಾದ ಹೊಸತರಲ್ಲಿಯೇ ಕಣ್ಣಿನ ಒಳಪದರ, ಮೂತ್ರ, ರಕ್ತದೊತ್ತಡ, ಕೊಬ್ಬು, ಪಾದ ಇವೆಲ್ಲವನ್ನೂ ಒಮ್ಮೆ ನೋಡಿಸಿ, ಅನಂತರ ವರ್ಷಕ್ಕೊಮ್ಮೆಯಾದರೂ ನೋಡಿಸುತ್ತಿರಬೇಕು. ಇದಕ್ಕೆ ಒಂದು ನೋಟ್ ಪುಸ್ತಕ ಇಡಿ. ಮಳೆಯ ಲೆಕ್ಕ, ಕೂಲಿಯ ಲೆಕ್ಕ ಬರೆಯುವ ಕೈಗೆ ಇದು ಭಾರವಲ್ಲ.

ಮಾತ್ರೆಯ ಅಂಜಿಕೆಯೂ ಬೇಡ. ಸಾಮಾನ್ಯವಾಗಿ ಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆ 1957ರಿಂದ ಬಳಕೆಯಲ್ಲಿದೆ. ಅದರ ಮೂಲವೂ ಯುರೋಪಿನ ಒಂದು ಗಿಡವೇ. ‘ಗಿಡಮೂಲಿಕೆಯೇ ಬೇಕು’ ಎನ್ನುವವರು ಇದನ್ನು ತಿಳಿಯಲಿ. ಹಾಗಲಕಾಯಿಯನ್ನು ಪಲ್ಯ ಮಾಡಿ ತಿನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ನಂಬಿ ಮಾತ್ರೆ ಬಿಡುವುದಕ್ಕೆ ಮಾತ್ರ ನಮ್ಮ ವಿರೋಧ. ಆರಂಭದಲ್ಲಿಯೇ ತೂಕ ಚೆನ್ನಾಗಿ ಇಳಿಸಿದ ಕೆಲವರು ಮಾತ್ರೆಯಿಲ್ಲದೆಯೇ ಇರುವ ಸ್ಥಿತಿ ತಲುಪುವುದುಂಟು. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಪಕ್ಕದ ತೋಟದವರಲ್ಲ.

ಮುದ್ದೆ, ಬೆಲ್ಲ, ಕಾಫಿ, ಅಡಿಕೆ

ಊಟದ ವಿಷಯಕ್ಕೆ ಬಂದರೆ ನಮ್ಮ ಕಡೆ ಎರಡು ಮಾತುಗಳು ಚಲಾವಣೆಯಲ್ಲಿವೆ. ‘ಶುಗರ್ ಬಂದರೆ ಅನ್ನ ಬಿಟ್ಟು ಮುದ್ದೆ ಎಷ್ಟಾದರೂ ಉಣ್ಣಬಹುದು’ ಎಂಬುದು ಒಂದು. ‘ಮುದ್ದೆಯೂ ಬೇಡ, ಚಪಾತಿಯೇ ಔಷಧ’ ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವೂ ಸುಮಾರು 11 ಗ್ರಾಂ ನಾರೂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ. ರಾಗಿ ಮೇಲು, ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಮೇಲೊಂದಿಷ್ಟು ಅನ್ನ ಉಂಡವನಿಗೆ ರಾಗಿಯ ಹೆಸರು ರಕ್ಷಣೆ ಕೊಡದು. ನುಣ್ಣಗೆ ಬೀಸಿ ಕುಡಿಯುವ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಸೊಪ್ಪು, ಅವರೆ, ಅಲಸಂದೆ, ಹುರುಳಿ ಇವು ತಟ್ಟೆಯಲ್ಲಿ ದೊಡ್ಡದಾಗಲಿ. ಮಲೆನಾಡಿನ ಕಡಬು, ಕೊಡಗಿನ ನೂಲ್ಪುಟ್ಟು, ಅಕ್ಕಿರೊಟ್ಟಿಗಳಿಗೂ ಇದೇ ಲೆಕ್ಕ. ಬಿಡುವುದಕ್ಕಿಂತ ಅಳೆಯುವುದು ಮುಖ್ಯ. ಅಳೆದದ್ದನ್ನು ಹೊತ್ತಿಗೆ ಸರಿಯಾಗಿ ಉಣ್ಣುವುದೂ ಅಷ್ಟೇ ಮುಖ್ಯ.

ಬೆಲ್ಲದ ಬಗ್ಗೆ ಆಲೆಮನೆಯ ಸೀಮೆಯವರಾದ ನಾವೇ ನಿಷ್ಠುರವಾಗಿ ಹೇಳಬೇಕಾಗಿದೆ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯ ಅಂಶವೇ. ಬಣ್ಣ, ಪರಿಮಳ ಬೇರೆಯಿರಬಹುದು, ರಕ್ತಕ್ಕೆ ಅದರ ಭೇದ ತಿಳಿಯದು. ‘ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡಿದ್ದೇನೆ’ ಎನ್ನುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಿದ್ದಾರೆ.

ಕಾಫಿ ಬೆಳೆಗಾರರಿಗೆ ಒಂದು ಒಳ್ಳೆಯ ಸುದ್ದಿ. ಕಾಫಿ ಕುಡಿಯುವ ರೂಢಿಯಿರುವವರಲ್ಲಿ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಸ್ವಲ್ಪ ಕಡಿಮೆ ಕಾಣುತ್ತದೆಂದು ಹಲವು ದೇಶಗಳ ದೀರ್ಘಕಾಲದ ಅಧ್ಯಯನಗಳು ಹೇಳಿವೆ. ಹಾಗೆಂದು ಕಾಫಿ ಔಷಧವೇನೂ ಅಲ್ಲ. ಆ ನೆಪದಲ್ಲಿ ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿಯುವುದಂತೂ ಸಲ್ಲ. ದಿನಕ್ಕೆ ಐದು ಲೋಟವೆಂದರೆ ಹತ್ತು ಚಮಚ, ಸುಮಾರು 40ರಿಂದ 50 ಗ್ರಾಂ. ತಿಂಗಳಿಗೆ ಒಂದೂಕಾಲು ಕಿಲೋ ದಾಟುತ್ತದೆ. ನಾವು ಬೆಳೆದ ಬೀಜದ ನಿಜವಾದ ರುಚಿ ತಿಳಿಯಲಾದರೂ ಸಕ್ಕರೆಯಿಲ್ಲದ ಕಾಫಿಯನ್ನು ಒಂದು ತಿಂಗಳು ಕುಡಿದು ನೋಡೋಣ.

ಅಡಿಕೆಯ ಮಾತು ಕಹಿ. ಆದರೂ ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿಯೇ ಅದನ್ನು ಆಡಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದೂ, ಅದಕ್ಕೆ ಬೆಳೆಗಾರರು ಆಕ್ಷೇಪಿಸುತ್ತ ಬಂದಿರುವುದೂ ಎಲ್ಲರಿಗೂ ತಿಳಿದದ್ದೇ. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಅಡಿಕೆ ಜಗಿಯುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿದೆಯೆಂದು ತೈವಾನಿನ ಅಧ್ಯಯನಗಳು ವರದಿ ಮಾಡಿವೆ. ಸಕ್ಕರೆ ಏರಿದವರಿಗೆ ಒಸಡಿನ ರೋಗ ಬೇಗ ಹಿಡಿಯುತ್ತದೆ. ಹೊಗೆಸೊಪ್ಪು ಬೆರೆತರೆ ಬಾಯಿಗೂ ರಕ್ತನಾಳಕ್ಕೂ ಇನ್ನಷ್ಟು ಕೇಡು. ಸಕ್ಕರೆ ಕಾಯಿಲೆಯಿರುವ ಬೆಳೆಗಾರ ಅಡಿಕೆಯನ್ನು ಮಾರಲಿ, ದವಡೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ತೋಟದಲ್ಲಿ ಎಚ್ಚರ

ಪೇಟೆಯ ವೈದ್ಯರು ಪೇಟೆಯವರಿಗೆ ಹೇಳುವ ಸಲಹೆಗಳ ಜೊತೆಗೆ ನಮ್ಮ ಕಸುಬಿಗೆ ಬೇಕಾದ ಎರಡು ಮಾತನ್ನು ಸೇರಿಸುವುದು ಅಗತ್ಯ.

ಒಂದು, ಕಾಲು. ಬಹುಕಾಲ ಸಕ್ಕರೆ ಏರಿದವರ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೆ, ಬಿಸಿ ತಗುಲಿದರೆ, ಚಪ್ಪಲಿ ಕಚ್ಚಿದರೆ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯವೇ ಅಪಾಯದ ಗಾಯ. ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಬೆಳೆದವರು ನಾವು, ತೋಟಕ್ಕೆ ಮೆಟ್ಟು ಹಾಕಿಕೊಂಡು ಹೋಗುವುದು ಕೆಲವರಿಗೆ ಸಂಕೋಚ. ಆ ಸಂಕೋಚ ಬಿಡಬೇಕು. ಕೆಲಸ ಮುಗಿಸಿ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿಯನ್ನು ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು. ಬಗ್ಗಲಾರದವರ ಕಾಲನ್ನು ಮಕ್ಕಳೋ ಸೊಸೆಯೋ ನೋಡಲಿ. ಮಳೆಗಾಲದಲ್ಲಿ ರಬ್ಬರ್ ಬೂಟಿನೊಳಗೆ ನೆನೆದ ಕಾಲಿಗೂ, ಜಿಗಣೆ ಕಚ್ಚಿದ ಗಾಯಕ್ಕೂ ಇದೇ ಎಚ್ಚರ. ಕೆಂಪಾದರೆ, ಕೀವಾದರೆ ಅರಿಶಿನ ಮೆತ್ತಿ ವಾರಗಟ್ಟಲೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡು, ಸಕ್ಕರೆ ತೀರಾ ಇಳಿಯುವುದು. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಆದರೆ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿ ದುಡಿದರೆ ಬೆವರು, ನಡುಕ, ಕಣ್ಣು ಮಂಜಾಗುವುದು, ದಿಕ್ಕು ತೋಚದಂತಾಗುವುದು ಇವು ಆಗಬಹುದು. ನೆಲದ ಮೇಲಿದ್ದರೆ ಕುಳಿತುಕೊಳ್ಳಬಹುದು. ಅಡಿಕೆ ಮರದ ತುದಿಯಲ್ಲಿದ್ದರೆ? ಯಂತ್ರದ ಮುಂದೆ ನಿಂತಿದ್ದರೆ? ಇಂಥ ಮಾತ್ರೆ ನುಂಗುವವರು ಮರ ಹತ್ತುವ ಕೆಲಸದ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು, ಖಾಲಿ ಹೊಟ್ಟೆಯಲ್ಲಿ ಹತ್ತಲೇಬಾರದು. ಜೇಬಿನಲ್ಲಿ ಸ್ವಲ್ಪ ಸಕ್ಕರೆಯ ಪೊಟ್ಟಣವಿರಲಿ. ಲಕ್ಷಣ ಕಂಡೊಡನೆ ಮೂರು ಚಮಚದಷ್ಟು ತಿಂದು ಸುಧಾರಿಸಿಕೊಂಡ ಮೇಲೆ ಊಟ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಜೊತೆಯಲ್ಲಿ ದುಡಿಯುವವರಿಗೆ ಕಾಯಿಲೆಯ ವಿಷಯ ತಿಳಿದಿದ್ದರೆ ತಾನೇ ಇದನ್ನೆಲ್ಲ ಮಾಡಲು ಸಾಧ್ಯ? ಬಚ್ಚಿಡಬೇಡಿ ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಕೂಲಿಗೆ ಬರುವ ಮರ ಹತ್ತುವವರನ್ನೂ ಒಂದು ಮಾತು ಕೇಳುವುದು ನಮ್ಮ ಧರ್ಮ.

ಸಂಘಗಳ ಪಾಲು

ಈಗ ನಮ್ಮ ಮುಖ್ಯ ಸಲಹೆಗೆ ಬರುತ್ತೇವೆ. ಕಾಯಿಲೆ ಒಬ್ಬೊಬ್ಬರ ಸ್ವಂತ ವಿಷಯ, ಸಹಕಾರ ಸಂಘಕ್ಕೆ ಇದರಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಅವರಿಗೆ ಯಶಸ್ವಿನಿಯನ್ನು ನೆನಪಿಸುತ್ತೇವೆ. ದುಬಾರಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಒಬ್ಬ ರೈತ ಹೊರಲಾರ, ಲಕ್ಷಾಂತರ ಸದಸ್ಯರು ಸೇರಿದರೆ ಹೊರಬಹುದೆಂದು ತೋರಿಸಿದ್ದೇ ನಮ್ಮ ರಾಜ್ಯದ ಸಹಕಾರಿಗಳು. 2003ರಲ್ಲಿ ಜಾರಿಗೆ ಬಂದ ಆ ಯೋಜನೆ 2018ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನವಾಗಿ, ಸಹಕಾರಿಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಅದು ಮುಖ್ಯವಾಗಿ ಆಸ್ಪತ್ರೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ಹುಟ್ಟಿದ್ದು. ದಿನದ ಮಾತ್ರೆ, ತಿಂಗಳ ಪರೀಕ್ಷೆ ಅದರ ಕೆಲಸವಲ್ಲ. ದೊಡ್ಡ ಖರ್ಚಿಗೆ ಒಟ್ಟಾದ ನಾವು ಆ ಖರ್ಚೇ ಬಾರದಂತೆ ತಡೆಯುವ ಸಣ್ಣ ಖರ್ಚಿಗೆ ಏಕೆ ಒಟ್ಟಾಗಬಾರದು?

ಸಂಘದ ಕಚೇರಿಯಲ್ಲಿ ತೇವಾಂಶ ಅಳೆಯುವ ಯಂತ್ರವಿದೆ, ತಕ್ಕಡಿಯಿದೆ. ಅದರ ಪಕ್ಕದಲ್ಲಿ ರಕ್ತದ ಸಕ್ಕರೆ ಅಳೆಯುವ ಒಂದು ಚಿಕ್ಕ ಯಂತ್ರ, ರಕ್ತದೊತ್ತಡ ಅಳೆಯುವ ಇನ್ನೊಂದು ಇರಲಿ. ಗೊಬ್ಬರ ವಿತರಣೆಯ ದಿನವೋ ಹಣ ಪಾವತಿಯ ದಿನವೋ, ಸದಸ್ಯರು ಹೇಗೂ ಬರುವ ದಿನ ತಿಂಗಳಿಗೊಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ 30 ವರ್ಷ ದಾಟಿದ ಎಲ್ಲರನ್ನೂ, ಹೆಂಗಸರನ್ನೂ ಕೂಲಿಯವರನ್ನೂ ಸೇರಿಸಿ, ಪರೀಕ್ಷಿಸಲಿ. ಇದು ಹೊಸ ಬೇಡಿಕೆಯೇನೂ ಅಲ್ಲ. 30 ದಾಟಿದವರ ಸಕ್ಕರೆ, ರಕ್ತದೊತ್ತಡ ನೋಡುವುದು ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೇ ಇದೆ. ಜನರನ್ನು ಒಂದೆಡೆ ಸೇರಿಸುವುದಷ್ಟೇ ಕಷ್ಟದ ಕೆಲಸ, ಅದು ಸಂಘಕ್ಕೆ ಸುಲಭ. ಸರದಿಯಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಮೊದಲು ನಿಂತು ಬೆರಳು ಕೊಟ್ಟರೆ ಅರ್ಧ ನಾಚಿಕೆ ಅಲ್ಲಿಯೇ ಕರಗುತ್ತದೆ.

ಮಾತ್ರೆಯ ವಿಷಯದಲ್ಲಿಯೂ ದಾರಿಯಿದೆ. ದೇಶದ 2,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಜನೌಷಧಿ ಕೇಂದ್ರ ತೆರೆಯಬಹುದೆಂದು ಕೇಂದ್ರ ಸರ್ಕಾರ 2023ರ ಜೂನ್ ತಿಂಗಳಿನಲ್ಲಿ ತೀರ್ಮಾನಿಸಿತು. ತಾಲ್ಲೂಕು ಕೇಂದ್ರ ದೂರವಿರುವ ಕಡೆ ಸಂಘಗಳು ಈ ಅವಕಾಶವನ್ನು ವಿಚಾರಿಸಿ ನೋಡಬೇಕು. ಸಾಲದ ಕಂತಿಗೆಂದು ಬಂದ ಸದಸ್ಯ ತಿಂಗಳ ಮಾತ್ರೆಯನ್ನೂ ಅಲ್ಲಿಯೇ ಕೊಂಡುಹೋಗುವಂತಾದರೆ ಪೇಟೆಗೆ ಹೋಗುವ ಬಸ್ ಚಾರ್ಜೂ ಉಳಿಯುತ್ತದೆ, ಅರ್ಧದಿನದ ಕೆಲಸವೂ ಉಳಿಯುತ್ತದೆ. ಮುಖ್ಯವಾಗಿ, ‘ಈ ತಿಂಗಳು ಹೋಗಲಾಗಲಿಲ್ಲ’ ಎಂಬ ನೆವ ಉಳಿಯುವುದಿಲ್ಲ.

ಇನ್ನೊಂದು ಸಣ್ಣ ಮಾತು. ನಮ್ಮ ಸಭೆಗಳಲ್ಲಿ ಹಂಚುವ ಉಪಾಹಾರವೆಂದರೆ ಒಂದು ಸಿಹಿ, ಒಂದು ಖಾರ, ಸಕ್ಕರೆ ಬೆರೆಸಿಯೇ ತಂದ ಕಾಫಿ. ನಮ್ಮ ಕಡೆಯಾದರೆ ಮದ್ದೂರು ವಡೆ ತಪ್ಪದು. ವಡೆಯನ್ನು ನಿಲ್ಲಿಸಿರೆಂದು ಹೇಳಿ ಸದಸ್ಯರ ಸಿಟ್ಟಿಗೆ ಗುರಿಯಾಗಲು ನಾವು ಸಿದ್ಧರಿಲ್ಲ. ಆದರೆ ಸಕ್ಕರೆಯಿಲ್ಲದ ಕಾಫಿಯ ಇನ್ನೊಂದು ಪಾತ್ರೆ, ಬೇಯಿಸಿದ ಕಡಲೆಯ ಒಂದು ತಟ್ಟೆ ಪಕ್ಕದಲ್ಲಿರಲಿ. ಯಾರೂ ಕೇಳದೆಯೇ ಅದು ಅಲ್ಲಿರಬೇಕು. ಕೇಳಿ ತರಿಸಿಕೊಳ್ಳಬೇಕಾದರೆ ನಾಚಿಕೆಯ ಮನುಷ್ಯ ಸಕ್ಕರೆಯದನ್ನೇ ಕುಡಿದು ಎದ್ದುಬಿಡುತ್ತಾನೆ.

ಬೆಳೆಗಾರ ಬಾಂಧವರೇ, ಸಕ್ಕರೆ ಕಾಯಿಲೆ ಪಾಪದ ಫಲವೂ ಅಲ್ಲ, ಮಾನ ಹೋಗುವ ಸಂಗತಿಯೂ ಅಲ್ಲ, ಬದುಕು ಮುಗಿಯಿತೆಂಬ ಸೂಚನೆಯೂ ಅಲ್ಲ. ದಿನವೂ ನೋಡಿಕೊಳ್ಳಬೇಕಾದ ಒಂದು ಜವಾಬ್ದಾರಿ, ಅಷ್ಟೇ. ಹೊಸದಾಗಿ ತಿಳಿದವರು ಈ ವಾರದೊಳಗೆ ಮನೆಯಲ್ಲಿ ಒಬ್ಬರಿಗೆ, ತೋಟದಲ್ಲಿ ಒಬ್ಬರಿಗೆ ಹೇಳಿ. ಕೇಳಿದವರು ಮರುಗಬೇಡಿ, ಮದ್ದು ಹೇಳಲೂ ಬೇಡಿ. ಹೊತ್ತಿಗೆ ಊಟ, ದಿನಕ್ಕೆ ಮಾತ್ರೆ, ವರ್ಷಕ್ಕೆ ಪರೀಕ್ಷೆ ಇವನ್ನು ನೆನಪಿಸಿ, ಸಾಕು. ಸಂಘಗಳ ಆಡಳಿತ ಮಂಡಲಿಗಳು ಮುಂಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ, ಲಾಭಾಂಶ ಹಂಚಿಕೆಯ ವಿಷಯದ ಕೆಳಗೆ, ಸದಸ್ಯರ ರಕ್ತ ಪರೀಕ್ಷೆಯ ವಿಷಯವನ್ನೂ ಒಂದು ಸಾಲಾಗಿ ಸೇರಿಸಬೇಕೆಂದು ನಾವು ಕೋರುತ್ತೇವೆ. ಅದನ್ನು ಮಂಡಿಸಲು ಯಾರಾದರೊಬ್ಬ ಸದಸ್ಯರು ಎದ್ದು ನಿಂತರೆ ಸಾಕು. ಅನುಮೋದಿಸುವವರು ಸಭೆಯಲ್ಲಿ ಬೇಕಾದಷ್ಟು ಮಂದಿ ಇರುತ್ತಾರೆ. ಅವರಲ್ಲಿ ಕೆಲವರ ಜೇಬಿನಲ್ಲಿ ಮಡಚಿಟ್ಟ ಚೀಟಿಯೂ ಇರುತ್ತದೆ.